ವಿತರಣಾ ಜಾಲ: ಸೇವಾ ಸಂಸ್ಥೆಗಳಿಗೆ ಎಷ್ಟು ಅನುಕೂಲ, ಎಷ್ಟು ಭಾರ?

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಲಾಭದ ಉದ್ದೇಶವಿಲ್ಲದೆ ನಡೆಯುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಉಚಿತ ಪಾಠ ಹೇಳುವವರು, ರಕ್ತದಾನ ಶಿಬಿರ ನಡೆಸುವವರು, ಅಂಧರಿಗಾಗಿ ಪುಸ್ತಕ ಧ್ವನಿಮುದ್ರಿಸುವವರು, ವಿಜ್ಞಾನ ಸಂಘ ಕಟ್ಟಿಕೊಂಡ ಶಿಕ್ಷಕರು ಹೀಗೆ ಪಟ್ಟಿ ಬೆಳೆಯುತ್ತದೆ. ಇಂಥ ಸಂಸ್ಥೆಗಳಿಗೆ ಇಂದು ಒಂದು ಜಾಲತಾಣ ಬೇಕೇ ಬೇಕು. ತಾಣ ನಿಧಾನವಾಯಿತು ಎಂಬ ದೂರು ಬಂದೊಡನೆ ಸಿಗುವ ಸಲಹೆಯೂ ಬಹುತೇಕ ಒಂದೇ: ‘ಸಿಡಿಎನ್ ಹಾಕಿಸಿ, ವೇಗವೂ ಬರುತ್ತದೆ, ಭದ್ರತೆಯೂ ಸಿಗುತ್ತದೆ.’ ಕಂಟೆಂಟ್ ಡೆಲಿವರಿ ನೆಟ್‌ವರ್ಕ್ ಎಂಬುದರ ಹ್ರಸ್ವರೂಪವೇ ಸಿಡಿಎನ್. ಕನ್ನಡದಲ್ಲಿ ವಿತರಣಾ ಜಾಲ ಎನ್ನೋಣ. ಈ ಸಲಹೆಯಲ್ಲಿ ಎಷ್ಟು ಸತ್ಯವಿದೆ? ಲೆಕ್ಕ ಹಾಕಿ ನೋಡುವುದೇ ಇಲ್ಲಿನ ಉದ್ದೇಶ.

ಹಾಲಿನ ಬೂತಿನ ತತ್ತ್ವ

ರಾಜಾಜಿನಗರದ ಗೃಹಿಣಿ ಹಾಲಿಗಾಗಿ ಪ್ರತಿದಿನ ಹೊಸೂರು ರಸ್ತೆಯ ಡೇರಿಗೆ ಹೋಗುವುದಿಲ್ಲ. ಬೀದಿಯ ಮೂಲೆಯ ನಂದಿನಿ ಬೂತಿಗೆ ಹೋಗುತ್ತಾರೆ. ಡೇರಿಯಲ್ಲಿ ಸಿದ್ಧವಾದ ಒಂದೇ ಬಗೆಯ ಪೊಟ್ಟಣಗಳು ಊರಿನ ಎಲ್ಲ ಬೂತುಗಳಿಗೂ ಬಂದಿರುತ್ತವೆ. ಪೊಟ್ಟಣದ ಮೇಲೆ ಎಷ್ಟು ದಿನದೊಳಗೆ ಬಳಸಬೇಕೆಂದು ಅಚ್ಚಾಗಿರುತ್ತದೆ.

ವಿತರಣಾ ಜಾಲದ ತತ್ತ್ವವೂ ಇಷ್ಟೇ. ತಾಣದ ಮೂಲ ಸರ್ವರ್ ಡೇರಿಯಂತೆ. ಪ್ರಪಂಚದ ನಾನಾ ಊರುಗಳಲ್ಲಿರುವ ಅಂಚಿನ ಸರ್ವರ್‌ಗಳು ಬೂತುಗಳಂತೆ. ಚಿತ್ರ, ಪುಟ, ಧ್ವನಿಕಡತಗಳ ನಕಲನ್ನು ಅವು ಇಟ್ಟುಕೊಂಡು ಹತ್ತಿರದ ಓದುಗರಿಗೆ ಕೊಡುತ್ತವೆ. ನಕಲು ಎಷ್ಟು ಹೊತ್ತು ಊರ್ಜಿತ ಎಂಬುದನ್ನು ಮೂಲ ಸರ್ವರ್ ‘ಕ್ಯಾಶ್-ಕಂಟ್ರೋಲ್’ ಎಂಬ ಸಾಲಿನಲ್ಲಿ ತಿಳಿಸುತ್ತದೆ. ಒಂದು ವ್ಯತ್ಯಾಸವುಂಟು. ಬೂತಿನ ಹಾಲು ಮಾರಿದಷ್ಟೂ ಕಡಿಮೆಯಾಗುತ್ತದೆ. ಸರ್ವರಿನ ನಕಲು ಎಷ್ಟು ಮಂದಿಗೆ ಕೊಟ್ಟರೂ ಮುಗಿಯುವುದಿಲ್ಲ.

ಈ ವ್ಯವಸ್ಥೆಯ ಹಿಂದೆ ಒಳ್ಳೆಯ ಗಣಿತವಿದೆ. ಅಮೆರಿಕದ ಎಂಐಟಿಯಲ್ಲಿ ಟಾಮ್ ಲೈಟನ್, ಡೇನಿಯಲ್ ಲೆವಿನ್ ಮತ್ತು ಸಂಗಡಿಗರು 1997ರಲ್ಲಿ ‘ಸುಸಂಗತ ಹ್ಯಾಶಿಂಗ್’ ಎಂಬ ವಿಧಾನವನ್ನು ಪ್ರಕಟಿಸಿದರು. ಮರುವರ್ಷ, 1998ರಲ್ಲಿ, ಲೈಟನ್ ಮತ್ತು ಲೆವಿನ್ ಅಕಮೈ ಕಂಪನಿಯನ್ನು ಸ್ಥಾಪಿಸಿದರು. ಅವರ ಮುಂದಿದ್ದ ಸಮಸ್ಯೆ ಇದು: ಹತ್ತು ಸರ್ವರ್‌ಗಳಿವೆ. ಯಾವ ಕಡತ ಯಾವುದರಲ್ಲಿದೆ? ಪ್ರತಿ ಕಡತಕ್ಕೆ ಒಂದು ಸಂಖ್ಯೆ ಕೊಟ್ಟು, ಅದನ್ನು 10ರಿಂದ ಭಾಗಿಸಿ, ಉಳಿದ ಶೇಷವೇ ಸರ್ವರಿನ ಸಂಖ್ಯೆ ಎನ್ನಬಹುದು. ಆದರೆ ಹನ್ನೊಂದನೆಯ ಸರ್ವರ್ ಬಂದರೆ 11ರಿಂದ ಭಾಗಿಸಬೇಕು. ಆಗ ಪ್ರತಿ 11 ಕಡತಗಳಲ್ಲಿ ಸರಾಸರಿ 10 ಸ್ಥಳ ಬದಲಿಸಬೇಕಾಗುತ್ತದೆ. ಕಡತಗಳನ್ನೂ ಸರ್ವರ್‌ಗಳನ್ನೂ ಒಂದೇ ವೃತ್ತದ ಪರಿಧಿಯ ಮೇಲೆ ಗುರುತಿಸಿ, ಪ್ರತಿ ಕಡತವನ್ನು ಮುಂದೆ ಸಿಗುವ ಮೊದಲ ಸರ್ವರಿಗೆ ಒಪ್ಪಿಸಿದರೆ, 11ರಲ್ಲಿ ಸರಾಸರಿ ಒಂದು ಕಡತ ಮಾತ್ರ ಸ್ಥಳ ಬದಲಿಸುತ್ತದೆ. ಶೇಷದ ಲೆಕ್ಕ ಬಲ್ಲ ಪ್ರೌಢಶಾಲಾ ವಿದ್ಯಾರ್ಥಿಗಳಿಂದಲೇ ಇದನ್ನು ಮಾಡಿಸಿ ನೋಡಬಹುದು.

ದೂರ ತರುವ ವಿಳಂಬ

ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾಕ್ಕೆ ನೇರ ದೂರವೇ ಸುಮಾರು 14,000 ಕಿ.ಮೀ. ಹೋಗಿಬರುವ 28,000 ಕಿ.ಮೀ.ಗೆ ಕನಿಷ್ಠ 140 ಮಿಲಿಸೆಕೆಂಡು ಬೇಕು. ಯಾವ ಯಂತ್ರ ತಂದರೂ ಇದಕ್ಕಿಂತ ಕಡಿಮೆಯಾಗದು. ಕೇಬಲ್ಲು ಬಳಸಿಕೊಂಡು ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಸುರಕ್ಷಿತ ತಾಣದ ಮೊದಲ ಅಕ್ಷರ ಬರುವ ಮುನ್ನ ಸಂಪರ್ಕಕ್ಕೆ ಒಂದು, ಗೂಢಲಿಪಿಯ ಒಪ್ಪಂದಕ್ಕೆ ಒಂದು, ಪುಟದ ಕೋರಿಕೆಗೆ ಒಂದು ಎಂದು ಸಾಮಾನ್ಯವಾಗಿ ಮೂರು ಸುತ್ತು ಬೇಕು. ಅಲ್ಲಿಗೆ 420 ಮಿಲಿಸೆಕೆಂಡು. ಅದೇ ಸರ್ವರ್ 3,200 ಕಿ.ಮೀ. ದೂರದ ಸಿಂಗಪುರದಲ್ಲಿದ್ದರೆ ಮೂರು ಸುತ್ತಿಗೆ 96 ಮಿಲಿಸೆಕೆಂಡು ಸಾಕು.

ಇದು ಬರಿಯ ಕಾಗದದ ಲೆಕ್ಕವಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30,000ಕ್ಕೂ ಹೆಚ್ಚು ಲೇಖನಗಳಿವೆ. ಅದನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಲಾಭರಹಿತ ಸಂಸ್ಥೆ. ತನ್ನ ವಿತರಣಾ ಜಾಲವನ್ನು ತಾನೇ ಕಟ್ಟಿಕೊಂಡಿದೆ. ಮೂಲ ಕೇಂದ್ರಗಳು ವರ್ಜೀನಿಯಾ ಮತ್ತು ಟೆಕ್ಸಾಸ್‌ಗಳಲ್ಲಿವೆ. ನಕಲು ಕೇಂದ್ರಗಳಲ್ಲಿ ಒಂದು 2018ರಲ್ಲಿ ಸಿಂಗಪುರದಲ್ಲಿ ಕೆಲಸ ಆರಂಭಿಸಿತು. ವಿಜಯನಗರದ ವಿದ್ಯಾರ್ಥಿನಿ ಕನ್ನಡ ಲೇಖನವೊಂದನ್ನು ತೆರೆದಾಗ ಅದು ಸಾಮಾನ್ಯವಾಗಿ ಬರುವುದು ಅಲ್ಲಿಂದ. ಅದೇ ಲೇಖನವನ್ನು ಆಕೆ ತಿದ್ದಿದರೆ ಆ ತಿದ್ದುಪಡಿ ಸಾಗರ ದಾಟಿ ಮೂಲ ಕೇಂದ್ರಕ್ಕೇ ಹೋಗಬೇಕು. ಎಲ್ಲರಿಗೂ ಒಂದೇ ಆಗಿರುವುದನ್ನು ಹತ್ತಿರ ಇಡಬಹುದು, ಬದಲಾಗುವುದನ್ನು ಇಡಲಾಗದು ಎಂಬ ಪಾಠ ಇಲ್ಲಿ ಸ್ಪಷ್ಟವಾಗಿದೆ.

ಶಾಲೆಯ ಗಣಕದಲ್ಲಿ ಇದನ್ನು ಪರೀಕ್ಷಿಸಬಹುದು. ಬ್ರೌಸರಿನಲ್ಲಿ ವಿಕಿಪೀಡಿಯ ತೆರೆದು ಎಫ್-12 ಕೀಲಿ ಒತ್ತಿ, ‘ನೆಟ್‌ವರ್ಕ್’ ವಿಭಾಗದಲ್ಲಿ ಪುಟದ ಉತ್ತರವನ್ನು ನೋಡಿ. ‘ಎಕ್ಸ್-ಕ್ಯಾಶ್’ ಎಂಬ ಸಾಲಿನಲ್ಲಿ ‘ಸಿಪಿ’ ಎಂಬ ಅಕ್ಷರಗಳ ಮುಂದಿನ ಸಂಖ್ಯೆ 5ರಿಂದ ಆರಂಭವಾಗಿದ್ದರೆ ಉತ್ತರ ಸಿಂಗಪುರದ್ದು. ‘ಹಿಟ್’ ಎಂದಿದ್ದರೆ ನಕಲು ಸಿಕ್ಕಿತು, ‘ಮಿಸ್’ ಎಂದಿದ್ದರೆ ಸಿಗಲಿಲ್ಲ ಎಂದರ್ಥ.

ತೂಕ ತರುವ ವಿಳಂಬ

ಈಗ ಸಲಹೆಯ ದುರ್ಬಲ ಭಾಗಕ್ಕೆ ಬರೋಣ. ಬಸವೇಶ್ವರನಗರದ ಒಂದು ಸಣ್ಣ ಸಂಸ್ಥೆ ಶಿಬಿರದ ಫೋಟೋವನ್ನು ಕ್ಯಾಮೆರಾದಿಂದ ಬಂದ ಹಾಗೆಯೇ, 4 ಮೆಗಾಬೈಟ್ ಗಾತ್ರದಲ್ಲಿ, ಮುಖಪುಟಕ್ಕೆ ಹಾಕಿದೆ ಎಂದಿಟ್ಟುಕೊಳ್ಳೋಣ. ಓದುಗನ ಮೊಬೈಲಿಗೆ ಸೆಕೆಂಡಿಗೆ 5 ಮೆಗಾಬಿಟ್ ಸಂಪರ್ಕವಿದೆ. 4 ಮೆಗಾಬೈಟ್ ಎಂದರೆ 32 ಮೆಗಾಬಿಟ್. ಆ ಒಂದು ಚಿತ್ರಕ್ಕೇ 6.4 ಸೆಕೆಂಡು ಬೇಕು. ಅಮೆರಿಕದ ಸರ್ವರನ್ನು ಬಿಟ್ಟು ವಿತರಣಾ ಜಾಲಕ್ಕೆ ಸೇರಿದರೆ ಮೊದಲ ಮೂರು ಸುತ್ತಿನಲ್ಲಿ ಉಳಿಯುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಚಿತ್ರವನ್ನು 200 ಕಿಲೋಬೈಟಿಗೆ ಇಳಿಸಿದರೆ ಉಳಿಯುವುದು ಆರು ಸೆಕೆಂಡು! ದೂರ ಹೆಚ್ಚಿದ್ದಾಗ ದತ್ತಾಂಶದ ಹರಿವೂ ನಿಧಾನವಾಗಿ ಏರುವುದರಿಂದ ಜಾಲದ ಲಾಭ ಇದಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಆದರೂ ಕೊನೆಯ ಹಾದಿ ಕಿರಿದಾಗಿರುವಾಗ ಹೊರೆ ಇಳಿಸುವುದೇ ಮೊದಲ ಚಿಕಿತ್ಸೆ.

ಕನ್ನಡ ತಾಣಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಯುನಿಕೋಡಿನ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದು ಸಂಕೇತಗಳು, ಅಂದರೆ 15 ಬೈಟ್. ಇಂಗ್ಲಿಷಿಗಿಂತ ದುಬಾರಿ ಎನಿಸಬಹುದು. ಆದರೆ ಸಾವಿರ ಪದಗಳ ಲೇಖನದಲ್ಲಿ 8,000 ಸಂಕೇತಗಳಿದ್ದರೂ ಅದು 24 ಕಿಲೋಬೈಟ್ ಅಷ್ಟೆ. ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ. ಆ ಒಂದು ಫೋಟೋದ ಜಾಗದಲ್ಲಿ ನೂರೈವತ್ತಕ್ಕೂ ಹೆಚ್ಚು ಲೇಖನಗಳು ಹಿಡಿಯುತ್ತವೆ. ಪಠ್ಯವನ್ನು ಟೈಪ್ ಮಾಡದೆ ಸ್ಕ್ಯಾನ್ ಮಾಡಿದ ಚಿತ್ರವಾಗಿ ಏರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಅಂಥ ಪುಟ ಭಾರವಾಗುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ, ಅಂಧರ ತೆರೆವಾಚಕ ತಂತ್ರಾಂಶಕ್ಕೆ ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ಇದನ್ನು ಯಾವ ವಿತರಣಾ ಜಾಲವೂ ಸರಿಪಡಿಸದು.

ಓದುಗರು ಎಲ್ಲಿದ್ದಾರೆ ಎಂಬುದೂ ಮುಖ್ಯ. ಅಕ್ಷಯ ಪಾತ್ರ ಪ್ರತಿಷ್ಠಾನ 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುತ್ತ ಆರಂಭವಾದದ್ದು. ರಾಜಾಜಿನಗರದ ಅಂಚಿನಲ್ಲಿ ಬೇರೂರಿದ ಈ ಸಂಸ್ಥೆಗೆ ಇಂದು ಹೊರದೇಶಗಳಲ್ಲೂ ದಾನಿಗಳಿದ್ದಾರೆ. ಅಷ್ಟು ಹರಡಿದ ಸಂಸ್ಥೆಗೆ ದೂರವೇ ದೊಡ್ಡ ಸಮಸ್ಯೆ. ವಿತರಣಾ ಜಾಲ ಅದಕ್ಕೆ ತಕ್ಕ ಉತ್ತರ. ಕೆಂಗೇರಿಯ ಓದುಗರಿಗಾಗಿಯೇ ಇರುವ ವಾಚನಾಲಯದ ತಾಣ ಮುಂಬಯಿಯ ಸರ್ವರಿನಲ್ಲಿದ್ದರೆ ದೂರದ ಸಮಸ್ಯೆ ಇಲ್ಲವೆಂದೇ ಹೇಳಬೇಕು. ಇನ್ನೊಂದು ಮಾತು: ಅಂತರಜಾಲದಲ್ಲಿ ‘ಹತ್ತಿರ’ ಎಂಬುದು ಭೂಪಟದ ಹತ್ತಿರವಲ್ಲ. ಸೇವಾದಾರ ಕಂಪನಿಗಳು ಪರಸ್ಪರ ಎಲ್ಲಿ ಕೂಡಿಕೊಂಡಿವೆ ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ದೇಶದೊಳಗಿನ ದತ್ತಾಂಶ ವಿದೇಶ ಸುತ್ತಿ ಬರುವುದನ್ನು ತಪ್ಪಿಸಲೆಂದೇ 2003ರಲ್ಲಿ ಭಾರತೀಯ ರಾಷ್ಟ್ರೀಯ ಅಂತರಜಾಲ ವಿನಿಮಯ ಕೇಂದ್ರ, ಅಂದರೆ ನಿಕ್ಸಿ, ಸ್ಥಾಪನೆಯಾಯಿತು.

ಭದ್ರತೆ: ಗುರಾಣಿಯೂ ಹೌದು, ಗವಾಕ್ಷಿಯೂ ಹೌದು

ಭದ್ರತೆಯ ವಿಷಯದಲ್ಲಿ ವಿತರಣಾ ಜಾಲದ ಪರ ವಾದ ಹೆಚ್ಚು ಗಟ್ಟಿ. ಸಾವಿರಾರು ಯಂತ್ರಗಳಿಂದ ಏಕಕಾಲಕ್ಕೆ ಸುಳ್ಳು ಕೋರಿಕೆಗಳನ್ನು ಸುರಿದು ತಾಣವನ್ನು ಮುಳುಗಿಸುವ ದಾಳಿಯನ್ನು ಒಂಟಿ ಸರ್ವರ್ ತಡೆಯಲಾರದು. ಹಲವು ಊರುಗಳ ಸರ್ವರ್‌ಗಳು ಒಂದೇ ವಿಳಾಸವನ್ನು ಹಂಚಿಕೊಂಡರೆ ಪ್ರವಾಹವೂ ಹಂಚಿಹೋಗುತ್ತದೆ. 2019ರ ಸೆಪ್ಟೆಂಬರ್ 6 ಮತ್ತು 7ರಂದು ಇಂಥ ದಾಳಿಗೆ ಸಿಕ್ಕಿ ವಿಕಿಪೀಡಿಯವೇ ಹಲವು ದೇಶಗಳಲ್ಲಿ ಕೆಲ ಗಂಟೆ ಸಿಗದೇ ಹೋಯಿತು. ಅದೇ ತಿಂಗಳು ಕ್ರೇಗ್ ನ್ಯೂಮಾರ್ಕ್ ಅವರ ದತ್ತಿಸಂಸ್ಥೆ ವಿಕಿಮೀಡಿಯದ ಭದ್ರತೆಗಾಗಿ 25 ಲಕ್ಷ ಡಾಲರ್ ನೀಡಿತು. ಸ್ವಂತ ಜಾಲವಿದ್ದ ಸಂಸ್ಥೆಯ ಪಾಡೇ ಹೀಗಾದರೆ ಸಣ್ಣ ಸಂಸ್ಥೆಗಳ ಗತಿಯೇನು? ಕ್ಲೌಡ್‌ಫ್ಲೇರ್ ಕಂಪನಿ 2014ರಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಗೆಲಿಲಿಯೋ’ ಮತ್ತು ಗೂಗಲ್‌ನ ‘ಪ್ರಾಜೆಕ್ಟ್ ಶೀಲ್ಡ್’ ಅರ್ಹ ಸಂಸ್ಥೆಗಳಿಗೆ ಈ ರಕ್ಷಣೆಯನ್ನು ಉಚಿತವಾಗಿ ಕೊಡುತ್ತಿರುವುದು ಮೆಚ್ಚತಕ್ಕದ್ದು.

ಆದರೆ ಬೆಲೆ ಹಣದಲ್ಲೇ ಇರಬೇಕೆಂದಿಲ್ಲ. ಪುಟವನ್ನು ಓದುಗನಿಗೆ ಕೊಡಲು ವಿತರಣಾ ಜಾಲ ಸಾಮಾನ್ಯವಾಗಿ ಗೂಢಲಿಪಿಯನ್ನು ತನ್ನಲ್ಲೇ ಬಿಡಿಸುತ್ತದೆ. ದಾನಿಯ ಹೆಸರು, ಫೋನ್ ಸಂಖ್ಯೆ, ರೋಗಿಯ ವಿವರ ಎಲ್ಲವೂ ಅಲ್ಲಿ ಬಿಚ್ಚಿದ ಪತ್ರದಂತೆ ಒಂದು ಕ್ಷಣ ಇರುತ್ತವೆ. 2017ರ ಫೆಬ್ರವರಿಯಲ್ಲಿ ಕ್ಲೌಡ್‌ಫ್ಲೇರ್‌ನ ತಂತ್ರಾಂಶ ದೋಷವೊಂದರಿಂದ ಒಂದು ತಾಣದ ಖಾಸಗಿ ತುಣುಕುಗಳು ಇನ್ನೊಂದು ತಾಣದ ಪುಟಗಳಲ್ಲಿ ಸೇರಿಕೊಂಡದ್ದು ಬಯಲಾಯಿತು. ಇನ್ನು ಸಂಸ್ಥೆಯೇ ನಕಲಿನ ನಿಯಮವನ್ನು ತಪ್ಪಾಗಿ ಬರೆದರೆ ಒಬ್ಬ ದಾನಿಯ ರಸೀದಿ ಮತ್ತೊಬ್ಬರಿಗೆ ಕಾಣಿಸಬಹುದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೆಲಸವನ್ನು ಬೇರೆಯವರಿಂದ ಮಾಡಿಸಿದರೂ ದತ್ತಾಂಶ ಸಂಗ್ರಹಿಸಿದವರ ಹೊಣೆ ತಪ್ಪುವುದಿಲ್ಲ.

ಎರಡನೆಯ ಆಕ್ಷೇಪ ಕೇಂದ್ರೀಕರಣದ್ದು. 2021ರ ಜೂನ್ 8ರಂದು ಫಾಸ್ಟ್ಲಿ ಎಂಬ ಕಂಪನಿಯ ಜಾಲದ ಶೇಕಡ 85 ಭಾಗ ದೋಷಸಂದೇಶ ಕೊಡತೊಡಗಿತು. ಗ್ರಾಹಕರೊಬ್ಬರು ಮಾಡಿದ ನ್ಯಾಯವಾದ ಬದಲಾವಣೆಯೇ ಅಡಗಿದ್ದ ದೋಷವನ್ನು ಎಬ್ಬಿಸಿತ್ತು. 2025ರ ನವೆಂಬರ್ 18ರ ಸಂಜೆ ನಮ್ಮ ಕಾಲಮಾನ 4.50ರ ಸುಮಾರಿಗೆ ಕ್ಲೌಡ್‌ಫ್ಲೇರ್ ಕುಸಿದು ಸುಮಾರು ಮೂರು ಗಂಟೆ ಅಸಂಖ್ಯ ತಾಣಗಳು ನಿಂತವು. ಯಾರೂ ದಾಳಿ ಮಾಡಿರಲಿಲ್ಲ. ಸ್ವಯಂಚಾಲಿತ ದುಷ್ಟ ಕೋರಿಕೆಗಳನ್ನು ಗುರುತಿಸಲು ಇಟ್ಟಿದ್ದ ಕಡತವೊಂದು ಮಿತಿಮೀರಿ ಬೆಳೆದದ್ದೇ ಕಾರಣ. ಕಾವಲಿಗೆಂದು ಇಟ್ಟದ್ದೇ ಬಾಗಿಲು ಮುಚ್ಚಿತು. ಹಾಗೆಂದು ಒಂಟಿ ಸರ್ವರುಗಳು ಕೆಡುವುದೇ ಇಲ್ಲವೆಂದಲ್ಲ; ಅವು ಬೇರೆ ಬೇರೆ ದಿನ ಕೆಡುತ್ತವೆ, ಇವು ಎಲ್ಲವೂ ಒಟ್ಟಿಗೆ ಕೆಡುತ್ತವೆ.

ಮೂರನೆಯದು ‘ನೀವು ಮನುಷ್ಯರೇ?’ ಎಂಬ ತಪಾಸಣೆ. ನಮ್ಮ ಮೊಬೈಲ್ ಜಾಲಗಳಲ್ಲಿ ಅನೇಕ ಗ್ರಾಹಕರು ಒಂದೇ ವಿಳಾಸವನ್ನು ಹಂಚಿಕೊಳ್ಳುತ್ತಾರೆ. ಒಬ್ಬನ ತಪ್ಪಿಗೆ ಉಳಿದವರೂ ಸಂಶಯಕ್ಕೆ ಒಳಗಾಗುತ್ತಾರೆ. ಚಿತ್ರ ಗುರುತಿಸಿ ಎಂಬ ಪರೀಕ್ಷೆ ಅಂಧ ಓದುಗರನ್ನು ಹೊರಗೇ ನಿಲ್ಲಿಸುತ್ತದೆ. ಅಂಥವರ ಸೇವೆಗೇ ಹುಟ್ಟಿದ ಸಂಸ್ಥೆ ತನ್ನ ಬಾಗಿಲಲ್ಲಿ ಇಂಥ ಕಾವಲುಗಾರನನ್ನು ಇಡುವ ಮುನ್ನ ಯೋಚಿಸಬೇಡವೇ?

ತೀರ್ಮಾನ

ವಿತರಣಾ ಜಾಲ ಉಪಯುಕ್ತ ಸಾಧನ ಎಂಬುದರಲ್ಲಿ ಅನುಮಾನವಿಲ್ಲ. ಆಕ್ಷೇಪವಿರುವುದು ಅದನ್ನು ಸರ್ವರೋಗಕ್ಕೂ ಮದ್ದೆಂದು ಕೊಡುವ ಬಗ್ಗೆ. ಹಳೆಯ ತಂತ್ರಾಂಶ, ಎಲ್ಲರಿಗೂ ಗೊತ್ತಿರುವ ಗುಪ್ತಪದ, ಪ್ರತಿ ಇಲ್ಲದ ದತ್ತಾಂಶ ಇವುಗಳನ್ನು ಅದು ಮುಚ್ಚಬಹುದೇ ಹೊರತು ವಾಸಿ ಮಾಡದು. ವಿಕಿಮೀಡಿಯದಂತೆ ಸ್ವಂತ ಜಾಲ ಕಟ್ಟಿ, ಓದುಗ ಯಾವ ಪುಟ ಓದಿದ ಎಂಬುದು ಹೊರಗಿನ ವಿತರಣಾ ಕಂಪನಿಗೆ ತಿಳಿಯದಂತೆ ಕಾಪಾಡುವುದು ಸಣ್ಣವರಿಗೆ ಆಗುವ ಕೆಲಸವಲ್ಲ. ಆದರೆ ಅವರು ಒಂದು ಕ್ರಮ ಪಾಲಿಸಬಹುದು: ಮೊದಲು ಪುಟದ ತೂಕ ಇಳಿಸಿ, ಪಠ್ಯವನ್ನು ಯುನಿಕೋಡಿನಲ್ಲೇ ಕೊಡಿ, ತಂತ್ರಾಂಶವನ್ನು ನವೀಕರಿಸಿ, ಪ್ರತಿ ತೆಗೆದಿಡಿ, ಸರ್ವರ್ ಓದುಗರ ಸಮೀಪವಿದೆಯೇ ನೋಡಿ. ಇಷ್ಟಾದ ಮೇಲೂ ಓದುಗರು ದೂರದಲ್ಲಿದ್ದರೆ ಅಥವಾ ದಾಳಿಯ ಭಯವಿದ್ದರೆ ವಿತರಣಾ ಜಾಲಕ್ಕೆ ಸೇರಿ. ಆಗಲೂ ಚಿತ್ರ, ಲೇಖನಗಳನ್ನು ಮಾತ್ರ ಅಲ್ಲಿಡಿ. ದಾನ ಮತ್ತು ಸದಸ್ಯರ ಪುಟಗಳ ನಕಲು ಎಲ್ಲಿಯೂ ಉಳಿಯದಂತೆ ನೋಡಿಕೊಳ್ಳಿ. ತಾಣದ ಹೆಸರಿನ ನೋಂದಣಿಯ ಕೀಲಿ ಸಂಸ್ಥೆಯ ಕೈಯಲ್ಲೇ ಇರಲಿ. ಜಾಲ ಕುಸಿದ ದಿನ ಹೊರಬರುವ ದಾರಿ ಅದೊಂದೇ.

ವಿದ್ಯಾರ್ಥಿಗಳು ತಮ್ಮ ಬಡಾವಣೆಯ ಒಂದು ಸಂಸ್ಥೆಯ ತಾಣವನ್ನು ತೆರೆದು, ಪ್ರತಿ ಕಡತದ ಗಾತ್ರ ಮತ್ತು ಕಾಲವನ್ನು ಪಟ್ಟಿ ಮಾಡಿ, ಅತಿ ಭಾರದ ಐದನ್ನು ಗುರುತಿಸಿ ಸಂಸ್ಥೆಯವರಿಗೆ ಕೊಡಲಿ. ಅದೊಂದು ಒಳ್ಳೆಯ ವಿಜ್ಞಾನ ಯೋಜನೆಯೂ ಆದೀತು, ಸೇವೆಯೂ ಆದೀತು.