ಓಟದ ಎತ್ತಿಗೊಂದು ಪೆಟ್ಟಿಗೆ

ಪುಸ್ತಕ ಓದಿ ಅದರ ಗುಣದೋಷ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೊಡ, ಕುಡುಗೋಲು, ಪೆಟ್ಟಿಗೆಗಳ ಗುಣದೋಷ ಬರೆಯುವವರು ಮಾತ್ರ ಕಾಣುವುದಿಲ್ಲ. ಸಂತೆಯಲ್ಲಿ ಮಣ್ಣಿನ ಕೊಡವನ್ನು ಬೆರಳಿನಿಂದ ಬಡಿದು, ಸದ್ದು ಕೇಳಿ ಕೊಳ್ಳುವ ಹೆಂಗಸು ಒಳ್ಳೆಯ ವಿಮರ್ಶಕಿಯೇ. ಆದರೆ ಆಕೆಯ ವಿಮರ್ಶೆ ಬಾಯಲ್ಲೇ ಹುಟ್ಟಿ ಬಾಯಲ್ಲೇ ಮುಗಿಯುತ್ತದೆ. ಹೀಗಿರುವಾಗ ನಾನು ಇಲ್ಲಿ ಒಂದು ಪೆಟ್ಟಿಗೆಯನ್ನು ವಿಮರ್ಶೆಗೆ ಎತ್ತಿಕೊಂಡರೆ ಓದುಗರು ನಗಬಾರದು. ಕವಿತೆಯಾಗಲಿ ಪೆಟ್ಟಿಗೆಯಾಗಲಿ, ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದು ಯಾರ ಸಲುವಾಗಿ ಇದೆ?

ಗಂಗಾವತಿಯ ಕಡೆ ಇರುವ ನನ್ನ ತಂಗಿಯ ಮಗ ಒಂದು ಜೋಡಿ ಕಿಲಾರಿ ಎತ್ತು ಕಟ್ಟಿದ್ದಾನೆ. ಉಳುಮೆಗೆ ಅಲ್ಲ, ಓಟಕ್ಕೆ. ಅವನು ನನ್ನನ್ನು ಕೇಳಿದ್ದು ಇಷ್ಟು: "ಮಾಮಾ, ನೀವು ಎಲ್ಲಾದರ ಮ್ಯಾಲೂ ಬರೀತೀರಿ. ಎತ್ತಿನ ಸಾಮಾನು ಜಾತ್ರಿಂದ ಜಾತ್ರಿಗೆ ಒಯ್ಯಾಕ ಒಂದು ಚೊಲೋ ಪೆಟಗಿ ಯಾವುದಂತ ಹೇಳ್ರಿ." ಪ್ರಶ್ನೆ ಸಣ್ಣದೆನಿಸಿತು. ಉತ್ತರ ಹುಡುಕುತ್ತ ಹೋದಾಗ ಸಣ್ಣದಾಗಿ ಉಳಿಯಲಿಲ್ಲ.

ನಮ್ಮ ಕೊಪ್ಪಳ ಸೀಮೆ ಒಂದೇ ಜಿಲ್ಲೆಯಾದರೂ ಒಂದೇ ನೆಲವಲ್ಲ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ. ಗದ್ದೆಯ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತದೆ. ಯಲಬುರ್ಗಾ, ಕುಷ್ಟಗಿಗಳಲ್ಲಿ ಹೆಚ್ಚು ಜನ ಮುಗಿಲನ್ನೇ ನಂಬಿದವರು. ಅಲ್ಲಿ ಕೂರಿಗೆಗೆ, ಕುಂಟೆಗೆ ಎತ್ತು ಹೂಡುವವರು ಈಗಲೂ ಸಿಗುತ್ತಾರೆ. ಉಳುವ ಎತ್ತೇ ಕಾರಹುಣ್ಣಿಮೆಯ ದಿನ ಬಣ್ಣ ಬಳಿದುಕೊಂಡು ಕರಿ ಹರಿಯಲು ಓಡುತ್ತದೆ. ಗೆದ್ದ ಎತ್ತಿನ ಬಣ್ಣ ನೋಡಿ ಆ ವರ್ಷ ಬಿಳಿಜೋಳವೋ ಮತ್ತೊಂದೋ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಹಿರಿಯರು ಹೇಳುತ್ತಾರೆ. ಮಾರನೆಯ ದಿನ ಅದೇ ಎತ್ತು ಹೊಲಕ್ಕೆ. ಅಂಥ ಮನೆಯಲ್ಲಿ ಓಟದ ಸಾಮಾನು ಬೇರೆ, ಹೊಲದ ಸಾಮಾನು ಬೇರೆ ಎಂಬುದಿಲ್ಲ. ಯಲಬುರ್ಗಾ ತಾಲ್ಲೂಕಿನ ಒಬ್ಬ ಹಿರಿಯ ಒಕ್ಕಲಿಗರನ್ನು ಪೆಟ್ಟಿಗೆಯ ವಿಷಯ ಕೇಳಿದಾಗ ಅವರು ಕೊಟ್ಟಿಗೆಯ ಗೋಡೆಯತ್ತ ಕೈ ಮಾಡಿದರು: "ಪೆಟಗಿ ಯಾಕ್ರೀ ಮಾಸ್ತರ? ಗೂಟ ಐತಲ್ರೀ."

ಆ ಗೂಟವನ್ನು ನಾನು ಮರೆಯಲಾರೆ. ಗೂಟಕ್ಕೆ ತೂಗುಹಾಕಿದ್ದಕ್ಕೆ ಗಾಳಿ ಆಡುತ್ತದೆ. ಹಗ್ಗ ಸವೆದಿದೆಯೆ, ಚರ್ಮ ಬಿರಿದಿದೆಯೆ ಎಂಬುದು ಹೋಗಿಬರುವಾಗೆಲ್ಲ ಕಣ್ಣಿಗೆ ಬೀಳುತ್ತದೆ. ಗೂಟ ಖಾಲಿಯಿದ್ದರೆ ಸಾಮಾನು ಕಳೆದಿದೆಯೆಂದು ಕೂಡಲೇ ಗೊತ್ತಾಗುತ್ತದೆ. ಗಾಳಿ, ನೋಟ, ಲೆಕ್ಕ: ಈ ಮೂರು ಗುಣ ಗೂಟಕ್ಕೆ ಸಹಜವಾಗಿಯೇ ಇವೆ. ಎತ್ತನ್ನು ಹವ್ಯಾಸಕ್ಕಾಗಿಯೇ ಸಾಕಿ ಊರೂರು ತಿರುಗುವವನಿಗೆ ಗೋಡೆಯನ್ನು ಹೊತ್ತು ತಿರುಗಲು ಬರುವುದಿಲ್ಲ, ಅದಕ್ಕೆ ಪೆಟ್ಟಿಗೆ. ಆದ್ದರಿಂದ ಯಾವ ಪೆಟ್ಟಿಗೆ ಒಳ್ಳೆಯದೆಂದರೆ, ಗೂಟದ ಈ ಮೂರು ಗುಣಗಳನ್ನು ಆದಷ್ಟು ಉಳಿಸಿಕೊಂಡದ್ದು.

ಇನ್ನು ಪೆಟ್ಟಿಗೆಯೊಳಗೆ ಹೋಗುವುದೇನು ನೋಡೋಣ. ಬರೀ ಗಾಡಿ ಓಡಿಸುವ ಪಂದ್ಯವಿರಲಿ, ನಿಗದಿಯಾದ ಹೊತ್ತಿನಲ್ಲಿ ಎಷ್ಟು ದೂರ ಎಳೆದವೆಂದು ಅಳೆಯುವ ತೆರಬಂಡಿಯಿರಲಿ, ಎತ್ತಿಗೆ ನಿಜವಾಗಿ ಬೇಕಾದದ್ದು ಸ್ವಲ್ಪ: ನೊಗಕ್ಕೆ ಕೊರಳು ಕಟ್ಟುವ ಜತಗಿ, ಮೂಗುದಾಣ, ಹಿಡಿಯುವ ಹಗ್ಗ, ಒಂದೊಂದು ಹೆಚ್ಚಿನವು, ಗಾಡಿಯ ಕಡಾಣಿ, ಸುತ್ತಿಗೆ, ಕೀಲೆಣ್ಣೆಯ ಡಬ್ಬಿ, ಗಾಯಕ್ಕೆ ಔಷಧ, ಒಣ ಬಟ್ಟೆ. ಇನ್ನೊಂದು ಬಗೆಯ ಸಾಮಾನಿದೆ: ಗೆಜ್ಜೆಸರ, ಹಿತ್ತಾಳೆಯ ಕೋಡಣಸು, ಹಣೆಪಟ್ಟಿ, ಗೊಂಡೆ, ಜೂಲ. ಇವು ಮೆರವಣಿಗೆಗೆ. ಮೊದಲಿನವು ಎತ್ತಿನ ಮೈಗೆ, ಎರಡನೆಯವು ನೋಡುವವರ ಕಣ್ಣಿಗೆ. ಎರಡನ್ನೂ ಒಂದೇ ಕಡೆ ತುಂಬಿದರೆ ಆಗುವುದೇನು ಎಂಬುದನ್ನು ಕುಷ್ಟಗಿ ಕಡೆಯ ಒಂದು ಜಾತ್ರೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಇಬ್ಬರು ಹೊತ್ತು ತಂದ ದೊಡ್ಡ ಟ್ರಂಕು. ಮೇಲೆ ಎತ್ತುಗಳ ಹೆಸರು, ಬಣ್ಣದ ಚಿತ್ರ. ಒಳಗೆ ಮದುವೆಮನೆಗೆ ಸಾಲುವಷ್ಟು ಝಗಝಗ. ಪಂದ್ಯಕ್ಕೆ ಕರೆ ಬಂದಾಗ ಮೂಗುದಾಣದ ಹಗ್ಗ ಗೆಜ್ಜೆಸರಕ್ಕೆ ಸುತ್ತಿಕೊಂಡು ಬಿಡಿಸಲು ಬಾರದೆ, ಯಾರದೋ ನೈಲಾನ್ ಹಗ್ಗ ಕಡ ತಂದರು. ಎತ್ತಿಗೆ ನೀರು ಕುಡಿಸಲು ಬಕೀಟು ಚಹಾದಂಗಡಿಯಿಂದ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ಮನುಷ್ಯರು ತಮಗೆ ತಾವೇ ಹೇಳಿಕೊಂಡರೆ ತೊಂದರೆಯಿಲ್ಲ. ಎತ್ತಿನ ಮೇಲೆ ಅದನ್ನು ಪ್ರಯೋಗಿಸಬಾರದು.

ಈಗ ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯೋಣ. ಮೊದಲನೆಯದು ತಟ್ಟಿನ ಚೀಲ. ಬಡವರ ಬಂಧು. ಗಾಳಿ ಆಡುತ್ತದೆ, ಎಲ್ಲಿ ಬೇಕಾದಲ್ಲಿ ಮುದುರಿ ಕೂರುತ್ತದೆ, ಎತ್ತಿನ ಕಾಲಿಗೆ ತಾಗಿದರೂ ನೋವಿಲ್ಲ. ಆದರೆ ಅದರಲ್ಲಿ ಲೆಕ್ಕವಿಲ್ಲ; ಬೇಕಾದ ವಸ್ತು ಯಾವಾಗಲೂ ತಳದಲ್ಲಿರುತ್ತದೆ. ಮಳೆಗೆ ನೆನೆದರೆ ಎರಡು ದಿನ ಒಣಗುವುದಿಲ್ಲ. ಅದೇ ಜಾತಿಯ ಪ್ಲಾಸ್ಟಿಕ್ ಗೊಬ್ಬರದ ಚೀಲಕ್ಕೆ ತಟ್ಟಿನ ದೋಷಗಳಿವೆ, ಗುಣಗಳಿಲ್ಲ. ಜೊತೆಗೆ ಒಳಗೆ ಉಳಿದ ಗೊಬ್ಬರದ ಪುಡಿ ಮೂಗುದಾಣಕ್ಕೆ ಹತ್ತಿ, ಎತ್ತಿನ ಮೂಗಿಗೇ ಹೋಗುತ್ತದೆ.

ಎರಡನೆಯದು ತಗಡಿನ ಟ್ರಂಕು. ಇದರ ಗೌರವ ದೊಡ್ಡದು. ಹೆಣ್ಣುಮಕ್ಕಳು ಗಂಡನ ಮನೆಗೆ, ಹುಡುಗರು ಹಾಸ್ಟೆಲ್ಲಿಗೆ ಇದರೊಂದಿಗೇ ಹೋದರು. ಬಟ್ಟೆಗೆ, ಕಾಗದಪತ್ರಕ್ಕೆ ಇದಕ್ಕಿಂತ ಉತ್ತಮ ರಕ್ಷೆ ಇಲ್ಲ. ಆದರೆ ಓಡಿ ಬಂದ ಎತ್ತಿನ ಕೊರಳಿನಿಂದ ಬಿಚ್ಚಿದ ಜತಗಿ ಒಣ ಬಟ್ಟೆಯಲ್ಲ. ಅದರಲ್ಲಿ ಬೆವರಿದೆ, ಬೆವರಿನಲ್ಲಿ ಉಪ್ಪಿದೆ. ಅದನ್ನು ಹಾಗೇ ಟ್ರಂಕಿನಲ್ಲಿ ಹಾಕಿ ಮುಚ್ಚಳ ಒತ್ತಿದರೆ ಹೊರಗಿನ ಬಿಸಿಲಿಗೆ ಒಳಗೆ ಬೆಂದು, ಇರುಳಿನ ತಂಪಿಗೆ ತಗಡು ಬೆವೆತು, ನಾಲ್ಕು ದಿನದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಒರೆಸಬಹುದು. ಆದರೆ ಉಪ್ಪು ಕುಡಿದು ಬಿರುಸಾದ ಜತಗಿ ಮುಂದಿನ ಓಟದಲ್ಲಿ ಎತ್ತಿನ ಕೊರಳನ್ನು ಉಜ್ಜಿ ಹುಣ್ಣು ಮಾಡುತ್ತದೆ. ಪೆಟ್ಟಿಗೆಯ ದೋಷ ಎತ್ತಿನ ಕೊರಳಲ್ಲಿ ಕಾಣಿಸಿಕೊಳ್ಳುತ್ತದೆ. ನಾವು ನೊಗವನ್ನು ಬೈಯುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಮೂರನೆಯದು ಮರದ ಪೆಟ್ಟಿಗೆ. ಬೇವಿನ ಹಲಗೆಯದಾದರೆ ಹುಳು ಹತ್ತುವುದು ಕಡಿಮೆ, ಆದರೆ ಭಾರ. ಸಾಗುವಾನಿ ತುಟ್ಟಿ. ಭಾರದ ಮಾತು ಬಂದಾಗ ನನಗೆ ಕೊಪ್ಪಳದ ಬಗಲಿನ ಕಿನ್ನಾಳ ನೆನಪಾಗುತ್ತದೆ. ಅಲ್ಲಿಯ ಚಿತ್ರಗಾರರು ಗೊಂಬೆಗೆ ಆರಿಸುವುದು ಹಗುರವಾದ ಪೊಳಕಿ ಮರವನ್ನು. ಗಟ್ಟಿಯಾದದ್ದೆಲ್ಲ ಭಾರವಾಗಿರಬೇಕು ಎಂಬ ನಮ್ಮ ನಂಬಿಕೆಗೆ ಅವರ ಕೈಕೆಲಸವೇ ಉತ್ತರ. ಪೆಟ್ಟಿಗೆ ಮಾಡುವ ಬಡಿಗೇರರೂ ತೆಳು ಹಲಗೆ ಬಳಸಿ, ಮೂಲೆಗಳನ್ನು ಮಾತ್ರ ಬಿಗಿ ಮಾಡಿದರೆ ಸಾಕು.

ನಾಲ್ಕನೆಯದು ಪ್ಲಾಸ್ಟಿಕ್ಕಿನ ಮುಚ್ಚಳದ ಡಬ್ಬಿ. ನೀರು ಹೋಗದು, ಗಾಳಿಯೂ ಹೋಗದು. ಟ್ರಂಕಿನ ದೋಷವೇ ಬಣ್ಣ ಬದಲಿಸಿ ಬಂದಿದೆ. ಟೊಮೇಟೊ ತುಂಬುವ ಜಾಲರಿಯ ಕ್ರೇಟು ಇದಕ್ಕಿಂತ ಎಷ್ಟೋ ಮೇಲು: ಗಾಳಿ ಉಂಟು, ನೋಟ ಉಂಟು, ಅಗ್ಗ. ಆದರೆ ಮುಚ್ಚಳವಿಲ್ಲ, ಗಾಡಿ ತಗ್ಗಿಗೆ ಇಳಿದಾಗ ಒಳಗಿನದೆಲ್ಲ ಹೊರಗೆ.

ಬೆಂಗಳೂರಿನಂಥ ಊರುಗಳಲ್ಲಿ ರಿಮೋಟಿನಿಂದ ಓಡಿಸುವ ಪುಟ್ಟ ಕಾರುಗಳ ಹವ್ಯಾಸದವರು ಒಂದು ಬಗೆಯ ಪೆಟ್ಟಿಗೆ ಬಳಸುತ್ತಾರೆ. ಒಳಗೆ ಸ್ಪಂಜಿನ ಹಾಸು. ಪ್ರತಿಯೊಂದು ಸಾಮಾನಿನ ಆಕಾರಕ್ಕೆ ಅದರಲ್ಲಿ ಒಂದೊಂದು ಕುಳಿ. ಕುಳಿ ಖಾಲಿಯಿದ್ದರೆ ಏನು ಕಳೆದಿದೆ ಎಂಬುದು ತಾನೇ ಹೇಳುತ್ತದೆ. ನಮ್ಮ ಗೂಟದ ಲೆಕ್ಕವೇ ಅಲ್ಲಿ ಬೇರೆ ವೇಷದಲ್ಲಿದೆ. ಬೆವರಿನ ಚರ್ಮಕ್ಕೆ ಸ್ಪಂಜು ಆಗದು, ಆದರೆ ಆ ಬುದ್ಧಿ ಆಗುತ್ತದೆ.

ಇಷ್ಟರವರೆಗೆ ಪೆಟ್ಟಿಗೆಯ ಒಳಗನ್ನು ನೋಡಿದೆವು. ಅದು ಕೂರುವ ಜಾಗವನ್ನೂ ನೋಡಬೇಕು. ಹಿಂದೆ ಎತ್ತು ನಡೆದು ಜಾತ್ರೆಗೆ ಹೋಗುತ್ತಿತ್ತು, ಸಾಮಾನು ಗಾಡಿಯಲ್ಲಿರುತ್ತಿತ್ತು. ಈಗ ಎತ್ತೂ ಸಾಮಾನೂ ಒಂದೇ ಪಿಕಪ್ಪಿನ ಹಿಂಭಾಗದಲ್ಲಿ ನಿಂತು ಹೋಗುತ್ತವೆ. ತಿರುವಿನಲ್ಲಿ ಟ್ರಂಕು ಜಾರುತ್ತದೆ. ಅದರ ತಗಡಿನ ಮೂಲೆಗೂ ಎತ್ತಿನ ಮೊಣಕಾಲಿಗೂ ನಡುವೆ ಏನೂ ಇರುವುದಿಲ್ಲ. ಒಳಗಿನ ಗೆಜ್ಜೆ, ಸುತ್ತಿಗೆಗಳ ಸದ್ದಿಗೆ ಎತ್ತು ಬೆದರುತ್ತದೆ. ಬೆದರಿ, ಕಾಲು ಬಲಿಸಿ ನಿಂತೇ ದಣಿದ ಎತ್ತಿನಿಂದ ನಾವು ಇಳಿದ ಕೂಡಲೇ ಓಟ ಕೇಳುತ್ತೇವೆ. ೧೯೭೮ರ ಪ್ರಾಣಿ ಸಾಗಣೆ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ: ದನ ಒಯ್ಯುವ ಲಾರಿಯಲ್ಲಿ ಬೇರೆ ಸರಕು ಹೇರಬಾರದು, ಕಾಲು ಜಾರದಂತೆ ನೆಲಕ್ಕೆ ಹಾಸಿರಬೇಕು, ಜೊತೆಗೆ ಪ್ರಥಮ ಚಿಕಿತ್ಸೆಯ ಸಾಮಾನಿರಬೇಕು. ಎತ್ತಿನ ಪೆಟ್ಟಿಗೆ ಸರಕು ಹೌದೋ ಅಲ್ಲವೋ ಎಂದು ವಕೀಲರು ವಾದಿಸಿಕೊಳ್ಳಲಿ. ಎತ್ತಿನ ಮೊಣಕಾಲಿಗೆ ಆ ವ್ಯತ್ಯಾಸ ತಿಳಿಯದು. ಆದ್ದರಿಂದ ಪೆಟ್ಟಿಗೆಯ ಅಳತೆಯನ್ನು ಅಂಗಡಿಯಲ್ಲಿ ನೋಡಬಾರದು. ಚಾಲಕನ ಪಕ್ಕದಲ್ಲಿ, ಮನುಷ್ಯ ಕೂತ ಕಾಲಬುಡದಲ್ಲಿ ನೋಡಬೇಕು. ಅಲ್ಲಿ ಹಿಡಿಸದ ಪೆಟ್ಟಿಗೆ ದೊಡ್ಡದು. ದೊಡ್ಡ ಪೆಟ್ಟಿಗೆಯ ತೊಂದರೆಯನ್ನು ನಾವು ತಾಳಬೇಕೇ ಹೊರತು ಎತ್ತು ತಾಳಬಾರದು.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಈ ವಿಮರ್ಶೆ ಸುಳ್ಳಾಗುತ್ತದೆ. ಕೆಲವು ಪೆಟ್ಟಿಗೆಗಳಿಗೆ ಬೀಗ ಇರುವುದು ಕಳ್ಳರ ಹೆದರಿಕೆಗಲ್ಲ. ಕೋಲಿನ ತುದಿಗೆ ಸಿಕ್ಕಿಸುವ ಮೊಳೆ ಬಹಳ ಸಣ್ಣ ವಸ್ತು; ಎಂಥ ಪೆಟ್ಟಿಗೆಯಲ್ಲೂ ಅಡಗುತ್ತದೆ. ಎಳೆಯುವ, ಹೊರುವ ಪ್ರಾಣಿಗಳಿಗೆ ಮೊಳೆಯ ಕೋಲು ಬಳಸಬಾರದೆಂದು ೧೯೬೫ರಷ್ಟು ಹಿಂದೆಯೇ ನಿಯಮವಾಗಿದೆ. ೨೦೧೪ರ ಮೇ ೭ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನಗಾಡಿ ಓಟಗಳನ್ನೂ ನಿಲ್ಲಿಸಿದಾಗ ನಮ್ಮ ಕಡೆಯ ಅನೇಕರು ಸಂಪ್ರದಾಯಕ್ಕೆ ಕುತ್ತು ಬಂತೆಂದು ಕೂಗಿದರು. ಕರ್ನಾಟಕವು ೨೦೧೭ರಲ್ಲಿ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಓಟಕ್ಕೂ ಮತ್ತೆ ದಾರಿ ಮಾಡಿತು. ೨೦೨೩ರ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಾಗೆ ಮರಳಿ ಸಿಕ್ಕ ಓಟವನ್ನು ಉಳಿಸಿಕೊಳ್ಳುವುದು ಈಗ ಕೋರ್ಟಿನ ಕೈಯಲ್ಲಿಲ್ಲ, ನಮ್ಮ ಪೆಟ್ಟಿಗೆಗಳಲ್ಲಿದೆ. ಪಂಚರು ಬಂದು "ತೆಗೀರಿ, ನೋಡೂಣು" ಎಂದಾಗ ಮುಖ ಬಾಡದೆ ಮುಚ್ಚಳ ಎತ್ತಬಲ್ಲವನೇ ಓಟಕ್ಕೆ ಯೋಗ್ಯ.

ನನ್ನ ತೀರ್ಪು ಹೀಗಿದೆ. ತೆಳು ಹಲಗೆಯ ಪೆಟ್ಟಿಗೆ. ಉದ್ದ ಒಂದೂವರೆ ಅಡಿ, ಅಗಲ ಎತ್ತರ ಒಂದೊಂದು ಅಡಿ. ಎರಡು ಮಗ್ಗುಲಿಗೆ ಗಾಳಿಯಾಡುವ ತೂತು. ಮೂಲೆಗಳು ದುಂಡಗೆ. ಮುಚ್ಚಳದ ಒಳಬದಿಗೆ ಸಣ್ಣ ಸಣ್ಣ ಗೂಟ. ಜತಗಿ, ಮೂಗುದಾಣ, ಹಗ್ಗ ಒಂದೊಂದಕ್ಕೆ ಒಂದೊಂದು. ಔಷಧ ಮೇಲುಗಡೆ, ಸುತ್ತಿಗೆ ಬಟ್ಟೆಯಲ್ಲಿ ಸುತ್ತಿ ತಳದಲ್ಲಿ. ಕೊಂಡಿ ಇರಲಿ, ಬೀಗ ಬೇಡ. ನೀರಿನ ಬಕೀಟು ಪೆಟ್ಟಿಗೆಯ ಜೊತೆ ಮನೆಯಿಂದಲೇ ಹೊರಡಲಿ. ಊರಿಗೆ ಬಂದ ಮೇಲೆ ಚರ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ, ಔಡಲ ಎಣ್ಣೆ ತೀಡಿ, ಗೋಡೆಯ ಗೂಟಕ್ಕೆ ಹಾಕಬೇಕು. ಪೆಟ್ಟಿಗೆ ಖಾಲಿಯಾಗಿ ಬಾಯಿ ತೆರೆದುಕೊಂಡಿರಬೇಕು. ಗೆಜ್ಜೆ, ಕೋಡಣಸು, ಜೂಲಗಳು ಹಳೆಯ ಟ್ರಂಕಿನಲ್ಲಿ ಮನೆಯಲ್ಲೇ ಇದ್ದು ಕಾರಹುಣ್ಣಿಮೆಗೆ ಹೊರಬರಲಿ; ಟ್ರಂಕಿನ ಮಾನವೂ ಉಳಿಯುತ್ತದೆ.

ಬಾರುಕೋಲು ಈ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲವಲ್ಲ ಎಂದು ಓದುಗರು ಕೇಳಬಹುದು. ಹಿಡಿಸಬಾರದೆಂದೇ ಈ ಅಳತೆ. ಅದು ಓಡಿಸುವವನ ಕೈಯಲ್ಲೇ ಇರಲಿ. ಅದರ ತುದಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಜಾತ್ರೆಯೆಲ್ಲ ನೋಡಲಿ.