ಕೃಷ್ಣೆಯ ಮೀನು, ಕಾವೇರಿಯ ಲೆಕ್ಕ

ನೀಲಿ ರೆಕ್ಕೆಯ ಮಹಸೀರ್ ಅಳಿವಿನ ದವಡೆಯಿಂದ ಪಾರಾಯಿತು ಎಂಬ ಸುದ್ದಿ 2020ರ ಕೊನೆಯಲ್ಲಿ ಬಂತು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ‘ಅಪಾಯದಲ್ಲಿರುವ’ ವರ್ಗದಿಂದ ‘ಅಷ್ಟೇನೂ ಆತಂಕವಿಲ್ಲದ’ ವರ್ಗಕ್ಕೆ ಸರಿದಿತ್ತು. ಲೋಣಾವಳದಲ್ಲಿ 1970ರ ದಶಕದಿಂದ ಈ ಮೀನಿನ ಮರಿ ಮಾಡಿ ದೂರದೂರದ ನೀರಿಗೆ ಕಳಿಸುತ್ತ ಬಂದ ಟಾಟಾ ಕಂಪನಿಯ ಮರಿ ಉತ್ಪಾದನಾ ಕೇಂದ್ರದ ಹೆಸರು ಮತ್ತೆ ಮುನ್ನೆಲೆಗೆ ಬಂತು. ಅದರ ಹಿಂದಿನ ಪರಿಶ್ರಮ ನಿಜವಾದದ್ದು. ಮಳೆಗಾಲದಲ್ಲಿ ಮೊಟ್ಟೆಗೆ ಬಂದ ಹೆಣ್ಣು ಮೀನಿನ ಹೊಟ್ಟೆಯನ್ನು ಮೆತ್ತಗೆ ಹಿಂಡಿ ಮೊಟ್ಟೆ ತೆಗೆದು, ಗಂಡಿನ ವೀರ್ಯ ಬೆರೆಸಿ, ಹರಿಯುವ ನೀರಿನ ತೊಟ್ಟಿಯಲ್ಲಿ ಮರಿ ಮಾಡುವ ವಿದ್ಯೆಯನ್ನು ಸಿ.ವಿ. ಕುಲಕರ್ಣಿ ಮತ್ತು ಎಸ್.ಎನ್. ಓಗಲೆ ಅವರು ಸುಲಭಕ್ಕೆ ಒಲಿಸಿಕೊಳ್ಳಲಿಲ್ಲ. ಆ ವಿದ್ಯೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಆ ತಳಿಯ ಮರಿಗಳು ಕಾವೇರಿಗೆ ಬಂದದ್ದರ ಬಗ್ಗೆ, ಮತ್ತು ಆ ಬಿತ್ತನೆಯನ್ನು ಇಂದಿಗೂ ಸಂರಕ್ಷಣೆಯ ಖಾತೆಯಲ್ಲಿ ಜಮಾ ತೋರಿಸುವುದರ ಬಗ್ಗೆ. ಕಾವೇರಿಯ ಮಟ್ಟಿಗೆ ಅದು ದೊಡ್ಡ ನಷ್ಟದ ಬಾಬತ್ತು ಎಂಬುದು ನನ್ನ ತೀರ್ಮಾನ.

ಕಾವೇರಿ ಮಹಸೀರಿನ ಕೀರ್ತಿಯ ಕಥೆಯನ್ನು ಮತ್ತೆ ಪೂರ್ತಿ ಹೇಳಬೇಕಾಗಿಲ್ಲ. ಎಚ್.ಎಸ್. ಥಾಮಸ್ 1873ರಲ್ಲಿ ಬರೆದ ಗಾಳದ ಪುಸ್ತಕ, ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಎಳೆದು ತೆಗೆದ 120 ಪೌಂಡಿನ ಮೀನು, 70ರ ದಶಕದ ಕೊನೆಯಲ್ಲಿ ಬ್ರಿಟಿಷ್ ಗಾಳಗಾರರು ಈ ನದಿಯನ್ನು ಮತ್ತೆ ‘ಕಂಡುಹಿಡಿದದ್ದು’, ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯ ಬಿಡಾರಗಳು — ಇವೆಲ್ಲ ಆಸಕ್ತರಿಗೆ ಗೊತ್ತಿರುವಂಥವೇ. ಇಲ್ಲಿ ನೆನಪಿಡಬೇಕಾದದ್ದು ಒಂದೇ: ಈ ಕೀರ್ತಿ ಬೆನ್ನು ಉಬ್ಬಿದ, ಕಿತ್ತಳೆ ಛಾಯೆಯ ಬಾಲದ ಅಂಚಿಗೆ ಕಪ್ಪು ಹತ್ತಿದ, ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಹುಟ್ಟದ ಮೀನಿನದು. ಲೋಣಾವಳದಿಂದ ಬಂದದ್ದು ಕೃಷ್ಣಾ ಕೊಳ್ಳದ ಖುದ್ರಿ, ಅದೇ ನೀಲಿ ರೆಕ್ಕೆಯ ಮಹಸೀರ್. 1839ರಲ್ಲಿ ಸೈಕ್ಸ್ ಅದಕ್ಕೆ ಹೆಸರಿಟ್ಟದ್ದು ಪುಣೆ ಭಾಗದ ನದಿಯ ಮೀನು ನೋಡಿ. ಒಂದರ ಕೀರ್ತಿಯನ್ನು ಇನ್ನೊಂದರ ಮರಿಗಳಿಂದ ಉಳಿಸಹೊರಟದ್ದೇ ಈ ಇಡೀ ಕಾರ್ಯಕ್ರಮದ ಮೂಲ ದೋಷ.

70ರ ದಶಕದಲ್ಲಿ ಕಾವೇರಿಯಲ್ಲಿ ಮೀನು ಕಡಿಮೆಯಾಗುತ್ತಿದ್ದುದು ಸುಳ್ಳಲ್ಲ. ಮಡುವಿಗೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದರು. ಗಾಳದ ಸಂಘಗಳು ನದಿಯ ಪಟ್ಟಿಗಳನ್ನು ಗುತ್ತಿಗೆ ಹಿಡಿದು ಕಾವಲು ಹಾಕಿದವು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರನ್ನೇ ಹರಿಗೋಲು ನಡೆಸುವ, ದಾರಿ ತೋರಿಸುವ ಕೆಲಸಕ್ಕೆ ತೆಗೆದುಕೊಂಡವು. ಇದು ಒಳ್ಳೆಯ ಕೆಲಸ, ಒಪ್ಪಿಕೊಳ್ಳೋಣ. ಆದರೆ ಕಾವಲಿನ ಜೊತೆಗೇ ಬಿತ್ತನೆಯೂ ಬಂತು. ಗಾಳಕ್ಕೆ ದೂರದಿಂದ ದುಡ್ಡು ಕೊಟ್ಟು ಬರುವವನಿಗೆ ಮೀನು ಸಿಗಬೇಕು. ನದಿ ತಾನಾಗಿ ತುಂಬಿಕೊಳ್ಳುವವರೆಗೆ ಆತ ಕಾಯುವುದಿಲ್ಲ. ಮೀನುಗಾರಿಕೆ ಇಲಾಖೆಗೂ ಸಂಘಗಳಿಗೂ ಸುಲಭವಾಗಿ ಸಿಗುತ್ತಿದ್ದ ಮಹಸೀರ್ ಮರಿ ಖುದ್ರಿಯೊಂದೇ. ಸಿಕ್ಕಿದ್ದನ್ನು ಬಿಟ್ಟರು.

ಅದರ ಫಲವನ್ನು ಅಳೆಯಲು ನಮ್ಮ ಕೈಯಲ್ಲಿ ಒಂದು ಅಪರೂಪದ ದಾಖಲೆ ಇದೆ: ಗಾಳಿಬೋರೆ ಬಿಡಾರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಮೀನಿನ ಲೆಕ್ಕ. ಅದು ಹುಟ್ಟುತ್ತಿದ್ದ ಬಗೆ ಹೀಗೆ. ರಾಗಿಹಿಟ್ಟು ಕಲಸಿ ಬೇಯಿಸಿ ಗಟ್ಟಿಯಾಗಿ ನಾದಿದ ಉಂಡೆಯನ್ನು ಗಾಳಕ್ಕೆ ಮೆತ್ತಿ ಮಡುವಿಗೆ ಬಿಡುತ್ತಾರೆ. ಮಹಸೀರಿನ ಬಾಯಲ್ಲಿ ಹಲ್ಲಿಲ್ಲ. ಏಡಿ, ಶಂಖದಹುಳ, ಸಣ್ಣ ಮೀನು ಏನೇ ಇರಲಿ, ಅರೆಯುವ ಹಲ್ಲುಗಳೆಲ್ಲ ಗಂಟಲಿನಲ್ಲಿ. ದಪ್ಪ ತುಟಿ ಉಂಡೆಯನ್ನು ಒಳಗೆ ಎಳೆದುಕೊಂಡ ಕ್ಷಣವೇ ದಾರ ಕಿತ್ತುಕೊಂಡು ಓಡತೊಡಗುತ್ತದೆ, ಗಾಳ ಹಿಡಿದವನು ಹರಿಗೋಲಿನಲ್ಲಿ ಅದರ ಹಿಂದೆ ತೇಲಿಕೊಂಡು ಹೋಗುತ್ತಾನೆ. ದಣಿದ ಮೀನನ್ನು ದಡದ ತಿಳಿನೀರಿಗೆ ತಂದು, ತೂಗಿ, ಚಿತ್ರ ತೆಗೆದು, ಉಸಿರು ಸರಿಯಾಗುವವರೆಗೆ ಕೈಯಲ್ಲಿ ಹಿಡಿದು ನದಿಗೆ ಬಿಡುತ್ತಾರೆ. ಪುಸ್ತಕದಲ್ಲಿ ಒಂದು ಸಾಲು ಏರುತ್ತದೆ.

ಹಾಗೆ ಏರಿದ ಸಾಲುಗಳು 6,161. ಅದಕ್ಕೆ ಹಿಡಿದ ಹೊತ್ತು 23,620 ಗಂಟೆ. ಎಂದರೆ ಸರಾಸರಿ ನಾಲ್ಕು ಗಂಟೆಗೆ ಒಂದು ಮೀನು. ತೂಕ ಅರ್ಧ ಕಿಲೋದಿಂದ 46.8 ಕಿಲೋವರೆಗೆ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ 2015ರಲ್ಲಿ ಈ ಪುಸ್ತಕವನ್ನು ಆಧರಿಸಿ ಎರಡು ಪ್ರಬಂಧ ಪ್ರಕಟಿಸಿದರು. ಆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಬಿತ್ತನೆಯ ಪರ ಮಾತಾಡುವವರು ಬಹುಮಟ್ಟಿಗೆ ಮೊದಲನೆಯದಕ್ಕೇ ನಿಂತುಬಿಡುತ್ತಾರೆ.

ಮೊದಲ ಓದಿನಲ್ಲಿ ಎಲ್ಲ ಮಹಸೀರನ್ನೂ ಒಂದೇ ರಾಶಿಗೆ ಹಾಕಿ ನೋಡಲಾಯಿತು. ವರ್ಷದಿಂದ ವರ್ಷಕ್ಕೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಿತ್ತು. ಸಿಕ್ಕ ಮೀನಿನ ಸರಾಸರಿ ತೂಕ ಇಳಿಯುತ್ತಿತ್ತು. ಮರಿಗಳು ಹೆಚ್ಚಾಗಿವೆ, ಹೊಸ ಪೀಳಿಗೆ ಸೇರುತ್ತಿದೆ, ಕಾವಲು ಫಲ ಕೊಟ್ಟಿದೆ ಎಂದು ಯಾರಿಗಾದರೂ ಅನಿಸುವಂಥ ಅಂಕಿಗಳವು. ಒಂದೇ ಜಾತಿಯ ಮೀನಾಗಿದ್ದರೆ ಆ ತರ್ಕದಲ್ಲಿ ಲೋಪವೂ ಇರುತ್ತಿರಲಿಲ್ಲ.

ಎರಡನೆಯ ಓದಿನಲ್ಲಿ ರಾಶಿಯನ್ನು ಒಡೆದರು, ಉಬ್ಬುಬೆನ್ನಿನವು ಒಂದು ಕಡೆ, ನೀಲಿ ರೆಕ್ಕೆಯವು ಒಂದು ಕಡೆ. ಆಗ ಚಿತ್ರ ಪೂರ್ತಿ ತಿರುಗಿತು. ಏರುತ್ತಿದ್ದ ಸಂಖ್ಯೆ ನೀಲಿ ರೆಕ್ಕೆಯದು. ಇಳಿಯುತ್ತಿದ್ದ ತೂಕವೂ ಅದರ ಮರಿಗಳದ್ದೇ. ಉಬ್ಬುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿತ್ತು, ಮತ್ತು ಸಿಕ್ಕವು ಹೆಚ್ಚು ಹೆಚ್ಚು ದೊಡ್ಡವಾಗುತ್ತಿದ್ದವು. ಈ ಕೊನೆಯ ಮಾತನ್ನು ಇಲ್ಲಿಗೆ ಬಿಟ್ಟು ಮುಂದೆ ಹೋಗುವಂತಿಲ್ಲ. ಗಾಳಗಾರನ ಕಣ್ಣಿಗೆ ದೊಡ್ಡ ಮೀನು ಎಂದರೆ ನದಿಯ ಆರೋಗ್ಯ. ಬಿಡಾರದ ಗೋಡೆಯ ಚಿತ್ರಕ್ಕೂ ಅತಿಥಿಯ ಹೆಮ್ಮೆಗೂ ಬೇಕಾದದ್ದು ಅದೇ. ಆದರೆ ಒಂದು ಜಾತಿಯಲ್ಲಿ ದೊಡ್ಡವು ಮಾತ್ರ ಸಿಗುತ್ತ, ಸಣ್ಣವು ಸಿಗದೇ ಹೋದರೆ ಅದಕ್ಕೆ ಅರ್ಥ ಒಂದೇ: ಮರಿಗಳು ಬೆಳೆದು ಸೇರಿಕೊಳ್ಳುತ್ತಿಲ್ಲ, ಹಳೆಯವು ಮುದಿಯಾಗುತ್ತಿವೆ. ಆ ವರ್ಷಗಳಲ್ಲಿ ಚಿತ್ರಕ್ಕೆ ನಿಂತ ಒಂದೊಂದು ದೈತ್ಯ ಮೀನೂ ಹಿಂದೆ ಸಂತತಿಯಿಲ್ಲದ ಪೀಳಿಗೆಯದು. ಅತಿಥಿಗೆ ಎರಡೂ ಸಿಗುತ್ತಿದ್ದವು: ದಿನಕ್ಕೆ ಒಂದೆರಡು ಸಣ್ಣವು, ಅದೃಷ್ಟವಿದ್ದರೆ ಒಂದು ಭಾರಿ ಮೀನು. ಹಾಗಾಗಿ ಆತನಿಗೆ ನದಿಯಲ್ಲಿ ಕೊರತೆಯೇ ಕಾಣಲಿಲ್ಲ. ಬಿತ್ತನೆಯ ಅತಿ ದೊಡ್ಡ ಅಪಕಾರ ಇದೇ ಎನ್ನುತ್ತೇನೆ: ಒಂದು ಮೀನು ಖಾಲಿಯಾಗುತ್ತಿರುವುದನ್ನು ಇನ್ನೊಂದು ಮೀನು ಮುಚ್ಚಿಬಿಟ್ಟಿತು. ನದಿ ಬರಿದಾಗಿದ್ದರೆ ಕೂಗೆದ್ದಿರುತ್ತಿತ್ತು.

ಆ ಪುಸ್ತಕಕ್ಕೂ ಮಿತಿಗಳಿವೆ. ಹಿಡಿದು ಬಿಡುವ ಪದ್ಧತಿಯಲ್ಲಿ ಒಂದೇ ಮೀನು ಎರಡು ಸಲ ದಾಖಲಾಗಿರಬಹುದು. 6,161 ಸಾಲುಗಳೆಂದರೆ 6,161 ಮೀನುಗಳೆಂದಲ್ಲ. ನೀಲಿ ರೆಕ್ಕೆಯದೇ ಉಬ್ಬುಬೆನ್ನಿನದನ್ನು ಓಡಿಸಿತು ಎಂದು ಪುಸ್ತಕ ಹೇಳುವುದಿಲ್ಲ. ಒಂದು ಏರುವಾಗ ಇನ್ನೊಂದು ಇಳಿಯಿತು ಎಂದಷ್ಟೇ ತೋರಿಸುತ್ತದೆ. ಮೊಟ್ಟೆಯಿಡುವ ಜಾಗಕ್ಕೆ, ಮೇವಿಗೆ ಪೈಪೋಟಿ ನಡೆದಿರಬಹುದು, ಎರಡೂ ಬೆರೆತಿರಬಹುದು, ಇವು ಸಾಧ್ಯತೆಗಳು. ಆದರೆ ಈ ಅನುಮಾನದ ಲಾಭ ಬಿತ್ತನೆ ಮಾಡಿದವರಿಗೆ ಸಲ್ಲಬಾರದು. ಹೊರಗಿನ ಮೀನನ್ನು ನದಿಗೆ ಬಿಡುವವರು ಅದರಿಂದ ಕೇಡಿಲ್ಲ ಎಂದು ಮೊದಲು ತೋರಿಸಬೇಕಿತ್ತು. ತೋರಿಸುವುದಿರಲಿ, ನದಿಯಲ್ಲಿ ಈಗಾಗಲೇ ಇರುವ ಮೀನು ಯಾವುದು ಎಂಬುದೇ ಆಗ ಶಾಸ್ತ್ರಕ್ಕೆ ತಿಳಿದಿರಲಿಲ್ಲ. ಕೇರಳದ ಪಾಂಬಾರ್ ನದಿಯ ಎಳೆ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ‘ಟಾರ್ ರೆಮಾದೇವಿಯೈ’ ಎಂಬ ಜಾತಿಯನ್ನು ವರ್ಣಿಸಿದ್ದರು. ಕಾವೇರಿಯ ಉಬ್ಬುಬೆನ್ನಿನ ಮಹಸೀರ್ ಅದೇ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ‘ತೀವ್ರ ಅಪಾಯದಲ್ಲಿರುವ’ ಪಟ್ಟಿಗೆ ಸೇರಿತು. ನಾಲ್ಕು ದಶಕ ಬಿತ್ತನೆ ನಡೆದ ಮೇಲೆ ಮೂಲ ನಿವಾಸಿಯ ಗುರುತು ಸಿಕ್ಕಿತು.

ಅಣೆಕಟ್ಟುಗಳನ್ನು ಮುಂದೆ ಮಾಡುವವರಿದ್ದಾರೆ. ಕನ್ನಂಬಾಡಿ, ಮೆಟ್ಟೂರು ಕಟ್ಟಿದ ಮೇಲೆ ಮಹಸೀರ್ ಉಳಿಯುವುದುಂಟೇ, ಬಿತ್ತನೆಯನ್ನೇಕೆ ದೂರುತ್ತೀರಿ ಎಂಬುದು ಅವರ ವಾದ. ಇವೆರಡೂ 30ರ ದಶಕದ ಮಧ್ಯದೊಳಗೇ ಮುಗಿದಿದ್ದವು. ವ್ಯಾನ್ ಇಂಗೆನ್ ಹಿಡಿದ ಮೀನು ಅದಕ್ಕಿಂತ ಹತ್ತು ವರ್ಷ ಈಚಿನದು, ಬ್ರಿಟಿಷ್ ಗಾಳಗಾರರು ಹಿಡಿದವು ನಾಲ್ಕು ದಶಕ ಈಚಿನವು. 70ರ ದಶಕದಲ್ಲಿ ಬಂದ ಕಬಿನಿ, ಹೇಮಾವತಿ ಜಲಾಶಯಗಳು, ಮರಳು ದೋಚಿದ್ದು, ಬೇಸಿಗೆಯಲ್ಲಿ ಬತ್ತುವ ಹರಿವು, ಎಲ್ಲದರ ಪಾಲೂ ಇದೆ. ಆದರೂ ಅದೇ ನೀರಿನಲ್ಲಿ, ಅದೇ ವರ್ಷಗಳಲ್ಲಿ ನೀಲಿ ರೆಕ್ಕೆಯದು ಹುಲುಸಾಗಿ ಬೆಳೆಯಿತು. ಅಣೆಕಟ್ಟಿನ ವಾದ ಇದನ್ನು ವಿವರಿಸುವುದಿಲ್ಲ.

ಇನ್ನು ಗಾಳ ನಿಷೇಧದ ಜಗಳ. 2012ರಲ್ಲಿ, ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ ಕಾವೇರಿ ವನ್ಯಧಾಮದ ಬಿಡಾರಗಳಲ್ಲಿ ಗಾಳ ನಿಂತಿತು. ಅಂದಿನಿಂದ ಎರಡು ಬಣಗಳು ಮಹಸೀರಿನ ಹೆಸರಿನಲ್ಲಿ ವಾದಿಸುತ್ತಿವೆ. ಗಾಳಗಾರರು ಹೋದರು, ಸಿಡಿಮದ್ದಿನವರು ಮರಳಿದರು, ನಿಷೇಧವೇ ಮಹಸೀರನ್ನು ಕೊಂದಿತು ಎನ್ನುತ್ತದೆ ಒಂದು ಬಣ. ಮೋಜಿಗಾಗಿ ಮೀನಿನ ತುಟಿಗೆ ಉಕ್ಕು ಚುಚ್ಚುವುದು ಹಿಂಸೆ, ಹೋದದ್ದೇ ಒಳ್ಳೆಯದು ಎನ್ನುತ್ತದೆ ಇನ್ನೊಂದು. ಈ ವಿಷಯದ ಮೇಲೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬಂದ ಬರಹಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದು ಬಣದವು, ಮತ್ತು ಎರಡೂ ಬಣ ‘ಮಹಸೀರ್’ ಎಂಬ ಒಂದೇ ಮೀನಿದೆ ಎಂದುಕೊಂಡೇ ಮಾತಾಡುತ್ತವೆ. ಮೊದಲ ಬಣ ಗಾಳಿಬೋರೆಯ ಅಂಕಿಗಳನ್ನು ತನ್ನ ಸಾಕ್ಷಿಯಾಗಿ ಕರೆಯುತ್ತದೆ. ಆ ಅಂಕಿಗಳನ್ನು ಒಡೆದು ನೋಡಿದರೆ ಉಬ್ಬುಬೆನ್ನಿನದರ ಕುಸಿತ ನಡೆದದ್ದು 2012ಕ್ಕೆ ಮೊದಲು, ಅವರದೇ ಕಾವಲಿದ್ದಾಗ, ಅವರದೇ ಪುಸ್ತಕದಲ್ಲಿ. ನಿಷೇಧವನ್ನು ಅದಕ್ಕೆ ಹೊಣೆ ಮಾಡುವುದು ಕಾಲಕ್ಕೇ ಹೊಂದುವುದಿಲ್ಲ. ಎರಡನೆಯ ಬಣ ಗಾಳವೊಂದು ಹೋದರೆ ಸಾಕೆಂದಿತು. ಗಾಳದೊಂದಿಗೆ ಪುಸ್ತಕವೂ ಹೋಯಿತು ಎಂಬುದನ್ನು ಅದು ಗಣಿಸಲಿಲ್ಲ. ಆ ಪಟ್ಟಿಯಲ್ಲಿ ಅಷ್ಟು ದೀರ್ಘವಾದ ಬೇರೆ ಲೆಕ್ಕ ನಮ್ಮಲ್ಲಿಲ್ಲ. ಗಾಳಗಾರರಿಗೆ ನಾನು ಕೃತಜ್ಞ. ಅವರು ನದಿಗೆ ಬಿಟ್ಟ ಮರಿಗಳಿಗಾಗಿ ಅಲ್ಲ, ಬರೆದಿಟ್ಟ ಸಾಲುಗಳಿಗಾಗಿ.

ಇನ್ನೊಂದು ವಾದ ಹೆಚ್ಚು ಜನಪ್ರಿಯ: ಖುದ್ರಿಯೂ ನಮ್ಮ ದೇಶದ ಮೀನೇ, ಆಫ್ರಿಕಾದ ಕ್ಯಾಟ್‌ಫಿಶ್ ಅಲ್ಲವಲ್ಲ. ಮೀನಿಗೆ ದೇಶದ ಗಡಿ ಗೊತ್ತಿಲ್ಲ, ನದಿ ಕೊಳ್ಳದ ಗಡಿ ಗೊತ್ತು. ತುಂಗೆಯ ನೀರು ಕೃಷ್ಣೆಗೆ ಹೋಗುತ್ತದೆ, ಕೊಡಗಿನ ಹಾರಂಗಿಯದು ಕಾವೇರಿಗೆ. ನಡುವಿನ ದಿಬ್ಬವನ್ನು ಯಾವ ಮೀನೂ ತಾನಾಗಿ ದಾಟಿಲ್ಲ. ದಾಟಿಸಿದ್ದು ನಾವು. ಗಾಳದ ಮೋಜಿಗೆ ಮೀನನ್ನು ದಾಟಿಸುವ ಅಭ್ಯಾಸ ಇಲ್ಲಿ ಹಳೆಯದು. 1860ರ ದಶಕದಲ್ಲೇ ಫ್ರಾನ್ಸಿಸ್ ಡೇ ಟ್ರೌಟ್ ಮೀನನ್ನು ನೀಲಗಿರಿಯಲ್ಲಿ ನೆಲೆಗೊಳಿಸಲು ಹೆಣಗಿದ್ದರು, ಮುಂದಿನ ತಲೆಮಾರು ಅದನ್ನು ಸಾಧಿಸಿಯೂ ಬಿಟ್ಟಿತು. ವಿಕ್ಟೋರಿಯಾ ಸರೋವರಕ್ಕೆ ನೈಲ್ ಪರ್ಚ್ ಬಿಟ್ಟ ಮೇಲೆ ಅಲ್ಲಿನ ನೂರಾರು ಜಾತಿಯ ಪುಟ್ಟ ಮೀನುಗಳ ಗತಿ ಏನಾಯಿತೆಂದು ಜೀವಶಾಸ್ತ್ರದ ಪಠ್ಯಗಳೇ ಹೇಳುತ್ತವೆ. ಆ ಉದಾಹರಣೆ ನಮ್ಮವರಿಗೆ ತಿಳಿಯದ್ದಲ್ಲ. ಅದು ವಿದೇಶಿ ಮೀನಿನ ಕಥೆ, ನಮ್ಮದು ಸ್ವದೇಶಿ ಎಂದು ಸಮಾಧಾನ ಮಾಡಿಕೊಂಡರು.

ಬಿತ್ತನೆಯಿಲ್ಲದೆ ಮಹಸೀರ್ ಉಳಿಸಿದ ಪದ್ಧತಿ ನಮ್ಮಲ್ಲೇ ಇದೆ, ಮಹಸೀರಿನ ಬಗ್ಗೆ ಬರೆಯುವವರು ಅದನ್ನು ಭಕ್ತಿಯ ಅಧ್ಯಾಯಕ್ಕೆ ಸೇರಿಸಿ ಮುಂದೆ ಹೋಗುತ್ತಾರೆ. ಶೃಂಗೇರಿಯಲ್ಲಿ ತುಂಗೆ, ಶಿಶಿಲದಲ್ಲಿ ಕಪಿಲೆ, ರಾಮನಾಥಪುರದಲ್ಲಿ ಕಾವೇರಿಯೇ. ದೇವರ ಮೀನೆಂದು ಗಾಳವನ್ನೂ ಬಲೆಯನ್ನೂ ದೂರ ಇಟ್ಟ ಮಡುಗಳಿವು. ಚಿಕ್ಕ ಜಾಗ, ದೊಡ್ಡ ಮೀನು, ಹೊರಗಿನ ಒಂದು ಮರಿಯೂ ಬೇಕಾಗಿಲ್ಲ. ಅಲ್ಲಿಯೂ ಅಪಾಯಗಳಿವೆ, ಮೇಲಿನ ನೀರು ಕೆಟ್ಟರೆ ಮಡು ಉಳಿಯುವುದಿಲ್ಲ. ಆದರೂ ಇರುವ ಮೀನನ್ನು ಇರುವಲ್ಲೇ ಬಿಡುವುದು ಸಾಧ್ಯ ಎಂಬುದಕ್ಕೆ ಇವು ನಡೆದು ತೋರಿಸಿದ ಸಾಕ್ಷಿ.

ಉಬ್ಬುಬೆನ್ನಿನ ಮೀನು ಪೂರ್ತಿ ಹೋಗಿಲ್ಲ. ಮೋಯಾರ್ ನದಿಯ ಕಾಡಿನ ಭಾಗದಲ್ಲಿ, ಪಾಂಬಾರ್‌ನಲ್ಲಿ ಉಳಿದಿದೆ. ಮೂಲ ನದಿಯಲ್ಲೇ ಅದನ್ನು ಮತ್ತೆ ನೆಲೆಗೊಳಿಸುವ ಮಾತಾಡುವ ಮೊದಲು ಕಾವೇರಿ ಕೊಳ್ಳದ ಯಾವ ಹಳ್ಳ, ನದಿ, ಜಲಾಶಯಕ್ಕೂ ಖುದ್ರಿ ಮರಿ ಬಿಡುವುದನ್ನು ಲಿಖಿತ ಆದೇಶದಿಂದ ನಿಲ್ಲಿಸಬೇಕು. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯದೇ ಮಹಸೀರ್ ಮರಿ ಕೇಂದ್ರವಿದೆ. ಅಲ್ಲಿಂದ ಹೊರಡುವ ಪ್ರತಿ ಮರಿಯ ತಾಯಿ ಮೀನು ಯಾವ ಕೊಳ್ಳದ್ದೆಂದು ಸಾರ್ವಜನಿಕರಿಗೆ ತಿಳಿಯುವಂತೆ ದಾಖಲಿಸಬೇಕು. ವನ್ಯಧಾಮದ ಪಟ್ಟಿಯಲ್ಲಿ ಇಲಾಖೆಯ ಮೇಲ್ವಿಚಾರಣೆಯಲ್ಲಿ, ಹಳೆಯ ಹರಿಗೋಲಿನವರನ್ನೇ ಇಟ್ಟುಕೊಂಡು, ಗಾಳಿಬೋರೆಯ ಪುಸ್ತಕವನ್ನು ಮತ್ತೆ ಬರೆಯಲು ಶುರುಮಾಡಬೇಕು, ಈ ಸಲ ಎರಡು ಮೀನಿಗೂ ಬೇರೆ ಬೇರೆ ಪುಟ. ಮೇಕೆದಾಟು ಯೋಜನೆ ಕಾಗದದಿಂದ ನೆಲಕ್ಕೆ ಇಳಿದರೆ ಹರಿಯುವ ಈ ಪಟ್ಟಿಯ ಬಹುಭಾಗ ನಿಂತ ನೀರಾಗುತ್ತದೆ. ಆಗ ಜಲಾಶಯಕ್ಕೆ ಮಹಸೀರ್ ಮರಿ ಬಿಟ್ಟು ಸಂರಕ್ಷಣೆ ಮಾಡುತ್ತೇವೆ ಎಂಬ ಕಡತ ಖಂಡಿತ ಬರುತ್ತದೆ. ಯಾವ ಮಹಸೀರ್ ಎಂದು ಅದರ ಮೊದಲ ಪುಟದಲ್ಲೇ ಕೇಳಬೇಕು.