ಒಂದು ತಟ್ಟೆ, ಎರಡು ಹೊತ್ತು

ಎಲ್‌ಪಿ ಕೇಳುವುದನ್ನು ಈಗಷ್ಟೇ ಶುರು ಮಾಡಿದವರು ಯಾವ ತಟ್ಟೆ ಕೊಳ್ಳಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಭೀಮಸೇನ ಜೋಶಿಯವರ ಲಲಿತ್–ಶುದ್ಧ ಕಲ್ಯಾಣ್. ಒಂದು ಮಗ್ಗುಲಲ್ಲಿ ನಸುಕಿನ ರಾಗ, ಮಗುಚಿದರೆ ಇರುಳಿನ ಮೊದಲ ಜಾವದ ರಾಗ.

ಮೊದಲು ಅಳತೆ ತಿಳಿದಿರಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ‘ಗಾಂಧಾರಿ ಹುಬ್ಳಿ’ ಎಂಬ ಹೆಸರಲ್ಲಿ ಧ್ವನಿಮುದ್ರಣ ಕೊಡುತ್ತಿದ್ದ ಕಾಲಕ್ಕೆ ಗಾಯಕಿ ಗಂಗೂಬಾಯಿ ಹಾನಗಲ್ಲರು ಇಡೀ ರಾಗವನ್ನು ಅಷ್ಟರಲ್ಲೇ ಕಟ್ಟಿಕೊಡಬೇಕಿತ್ತು. 1948ರಲ್ಲಿ ಬಂದ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿಯೂ ಹಾಡಬಹುದು. ಆದರೂ ಕಚೇರಿಯಲ್ಲಿ ತಾಸುಗಟ್ಟಲೆ ಬೆಳೆಯುವ ರಾಗಕ್ಕೆ ಅದು ಇಕ್ಕಟ್ಟೇ. ಗಾಯಕ ಏನು ಬಿಟ್ಟ, ಏನು ಉಳಿಸಿಕೊಂಡ ಎಂದು ಗಮನಿಸುವುದರಲ್ಲೇ ಎಲ್‌ಪಿಯ ರುಚಿ ಇದೆ.

ತಟ್ಟೆಯನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಧೂಳನ್ನು ಗೀರುಗಳ ಜಾಡಿನಲ್ಲೇ ಒರೆಸಿ, ಅಡ್ಡಡ್ಡ ಬೇಡ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ.

ಮುಳ್ಳು ಇಳಿದ ಕೂಡಲೇ ಹಾಡಿಗೆ ಕಾಯಬೇಡಿ, ತಂಬೂರಿಗೆ ಕಿವಿ ಕೊಡಿ. ಲಲಿತ್‌ನಲ್ಲಿ ಪಂಚಮವೇ ಇಲ್ಲ. ಶುದ್ಧ, ತೀವ್ರ ಎಂಬ ಎರಡೂ ಮಧ್ಯಮಗಳು ಅಕ್ಕಪಕ್ಕ ಬರುತ್ತವೆ. ಆ ಪುಟ್ಟ ಅಂತರದಲ್ಲಿ ದನಿ ಹೇಗೆ ತೂಗಾಡುತ್ತದೆ ನೋಡಿ. ಭೀಮಸೇನರು ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು, ಕಿರಾಣಾ ಘರಾಣೆಯವರು. ಒಂದೊಂದೇ ಸ್ವರವನ್ನು ಮೆಲ್ಲಗೆ ಬೆಳಗಿಸುತ್ತ ಮೇಲೇರುವುದು ಆ ಮನೆತನದ ರೀತಿ. ಮಾತ್ರೆ ಎಣಿಸಲು ಬಾರದಿದ್ದರೂ ಚಿಂತೆಯಿಲ್ಲ. ಹಾಡಿನ ಮುಖಡಾ, ಅಂದರೆ ಮೊದಲ ನುಡಿ, ಮರಳಿ ಬಂದು ತಬಲಾದ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ತಾಗುವ ಕ್ಷಣಕ್ಕೆ ತಲೆ ತಾನಾಗಿ ತೂಗುತ್ತದೆ.

ಇನ್ನೊಂದು ಗುಟ್ಟು. ತಟ್ಟೆಯ ಹೊರಸುತ್ತಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಹರಿದರೆ, ನಡುವಿನ ಲೇಬಲ್ಲಿನ ಹತ್ತಿರ ಅದರ ಅರ್ಧಕ್ಕೂ ಕಡಿಮೆ. ಅಷ್ಟೇ ಹೊತ್ತಿನ ನಾದ ಅಲ್ಲಿ ಚಿಕ್ಕ ಜಾಗದಲ್ಲಿ ಅಡಕಗೊಳ್ಳುವುದರಿಂದ ಸ್ಪಷ್ಟತೆ ಕುಗ್ಗುತ್ತದೆ. ಖಯಾಲಿನ ವೇಗದ ಭಾಗವಾದ ದ್ರುತ್, ಬಿರುಸಿನ ತಾನುಗಳು ಬಂದು ಸೇರುವುದು ಸರಿಯಾಗಿ ಅಲ್ಲಿಗೇ! ಕೊನೆಯಲ್ಲಿ ದನಿ ತುಸು ಒರಟಾಗಿ ಕೇಳಿದರೆ ಗಾಯಕರನ್ನು ದೂರಬೇಡಿ. ಮುಳ್ಳು ಸವೆದಿದೆಯೇ ಎಂದು ಮೊದಲು ನೋಡಿ.

ಕೊನೆಯದಾಗಿ, ಎರಡೂ ಮಗ್ಗುಲನ್ನು ಒಂದೇ ಪಟ್ಟಿಗೆ ಕೇಳಬೇಡಿ. ಲಲಿತ್ ಮುಗಿದ ಮೇಲೆ ಮುಳ್ಳೆತ್ತಿ ಕೆಲಸಕ್ಕೆ ಹೋಗಿ. ಶುದ್ಧ ಕಲ್ಯಾಣ್ ಕೇಳಲು ದೀಪ ಹಚ್ಚುವ ಹೊತ್ತಾಗಲಿ.